ಬುಟ್ಟಿಯ ತಳ

ಚಿಪ್ಪುಮೀನು ಬಳೆಯೊಳಗಿಂದ ಜಾರಿ ದೋಣಿಕಟ್ಟೆಯ ಕಲ್ಲಿನ ಮೇಲೆ ಟಕ್ಕೆಂದು ಬಿತ್ತು.

"ಇದೂ ಹೋಯ್ತು," ಅಂದಳು ಅತ್ತೆ.

"ಅಯ್ಯೋ ದೊಡ್ಡಮ್ಮ, ಅದು ಅಡ್ಡ ತಿರುಗಿ ಬಿದ್ದಿದ್ದು. ನೆಟ್ಟಗೆ ಹಿಡಿದಿದ್ರೆ ಎಲ್ಲಿ ಬೀಳ್ತಿತ್ತು?"

"ನೆಟ್ಟಗೆ ಹಿಡಿಯೋದನ್ನ ನೀನು ನನಗೆ ಕಲಿಸ್ಬೇಡ. ತಗೊಂಡೋಗಿ ನೀರಿಗೆ ಹಾಕು. ಬರೋ ವರ್ಷ ನೆಟ್ಟಗಾಗಿ ಬರುತ್ತೆ."

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬೈಸಿಕೊಂಡವಳಿಗೆ ಆ ಕಟ್ಟೆಯಲ್ಲಿ ರೇಡಿಯೋ ಅಂತಲೇ ಹೆಸರು. ಕಿವಿ ತಿರುಚಿದರೂ ಬಾಯಿ ನಿಲ್ಲದು. ದಿನವೂ ಅವಳ ಬುಟ್ಟಿಯಲ್ಲಿ ಒಂದೆರಡು ಸಣ್ಣ ಚಿಪ್ಪು ಸಿಗುತ್ತಿದ್ದವು, ದಿನವೂ ಅವಳು ವಾದ ಹೂಡುತ್ತಿದ್ದಳು, ದಿನವೂ ಸೋತು ಗೊಣಗುತ್ತ ನೀರಿನ ಕಡೆ ಹೋಗುತ್ತಿದ್ದಳು. ಅದು ಕಟ್ಟೆಯವರಿಗೆ ಪುಕ್ಕಟೆ ಮನರಂಜನೆ.

ಅತ್ತೆ ಎಂದರೆ, ಪಕ್ಕದಲ್ಲಿ ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡು ನಿಂತಿದ್ದ ಸೊಸೆಗೆ ಅತ್ತೆ. ಉಳಿದವರಿಗೆ ಎದುರಿಗೆ ದೊಡ್ಡಮ್ಮ, ಬೆನ್ನ ಹಿಂದೆ ಜಡ್ಜಮ್ಮ. ಅವಳ ಕೈಯಲ್ಲಿದ್ದ ಹಿತ್ತಾಳೆಯ ಬಳೆ ಮಗ ಕೂಸಾಗಿದ್ದಾಗ ಅವನ ಕೈಗೆ ಹಾಕಿದ್ದು. ಆ ಕೂಸು ಈಗ ದೋಣಿ ಇಂಜಿನ್ ರಿಪೇರಿ ಮಾಡುತ್ತ, ಬಳೆಯಲ್ಲಿ ಮೂರು ಬೆರಳು ತೂರಿಸಲೂ ಒದ್ದಾಡುವಷ್ಟು ದಪ್ಪಗಾಗಿದ್ದಾನೆ. ಬಳೆಯ ಕಾನೂನು ಸರಳ. ಒಳಗೆ ತೂರಿದ ಚಿಪ್ಪು ಇನ್ನೂ ಮರಿ, ಅದು ಕೆಸರಿಗೆ ವಾಪಸ್ಸು ಹೋಗಬೇಕು. ತೂರದ್ದು ಮೂಟೆಗೆ.

ಈ ಕಾನೂನು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಇದೇ ಕಾಂಡ್ಲಾ ಕಾಡಿನ ಕಾಲುವೆಗಳಲ್ಲಿ ಕಬ್ಬಿಣದ ಹಲ್ಲಿನ ಕುಂಟೆ ಹಾಕಿ ಎಳೆಯುತ್ತಿದ್ದರು. ಉಪ್ಪುನೀರಿನಲ್ಲಿ ಬೇರೂರಿ ನಿಂತ ಆ ಮರಗಳ ಬುಡದಲ್ಲಿ ಉಗುರಿನಷ್ಟು ಮರಿಯೂ ಉಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷ ಕಾಲಿಟ್ಟಲ್ಲೆಲ್ಲ ಬರೀ ಖಾಲಿ ಚಿಪ್ಪು. ಹೆಂಗಸರು ಐಸ್ ಫ್ಯಾಕ್ಟರಿಯಲ್ಲಿ ನಿಂತು ಯಾರದೋ ಮೀನು ತೊಳೆದು ಹೊಟ್ಟೆ ಹೊರೆದರು. ಕೆಸರು ಮತ್ತೆ ಮರಿ ಹಿಡಿದಾಗ ಅತ್ತೆ ಮೊದಲು ತನ್ನ ಮನೆಯ ಕುಂಟೆಯನ್ನೇ ಒಯ್ದು ಆಳದ ನೀರಿಗೆ ಎಸೆದಳು. ಆಮೇಲೆ ಒಬ್ಬೊಬ್ಬರ ಮನೆಬಾಗಿಲಿಗೂ ಹೋಗಿ ನಿಂತಳು. ಬೈದಳು, ಬೈಸಿಕೊಂಡಳು, ಒಬ್ಬಳ ಜುಟ್ಟೂ ಹಿಡಿದಳಂತೆ. ಅಂದಿನಿಂದ ಕೆಸರಿಗೆ ಕಬ್ಬಿಣ ಇಳಿಯುವಂತಿಲ್ಲ, ಕಾಲಿನಿಂದ ತಡಕಿ ಕೈಯಿಂದ ಹೆಕ್ಕಬೇಕು. ಚಿಪ್ಪು ಮರಿಹಾಕುವ ತಿಂಗಳುಗಳಲ್ಲಿ ಒಳಗಿನ ಕಾಲುವೆಗೆ ಯಾರೂ ಹೋಗುವಂತಿಲ್ಲ. ಸಣ್ಣದನ್ನು ಕದ್ದು ಮೂಟೆಗೆ ಸೇರಿಸಿದವಳ ಬುಟ್ಟಿ ದೋಣಿ ಕಟ್ಟುವ ಕಂಬಕ್ಕೆ ನೇತುಬೀಳುತ್ತದೆ, ಆ ಹಂಗಾಮು ಮುಗಿಯುವವರೆಗೆ ಅವಳು ಹೆಕ್ಕುವಂತಿಲ್ಲ. ಸಿಕ್ಕಿದ ಮರಿಗಳನ್ನು ಅವಳೇ ತನ್ನ ಕೈಯಾರೆ ಕೆಸರಿಗೆ ಸೇರಿಸಿ ಬರಬೇಕು. ಶಿಕ್ಷೆ ಕಠಿಣವೇ. ಐಸ್ ಫ್ಯಾಕ್ಟರಿಯ ನೆಲದ ಮೇಲೆ ನಿಂತವರಿಗೆ ಅಷ್ಟೇನೂ ಕಠಿಣ ಅನ್ನಿಸಿರಲಿಲ್ಲ.

ಪ್ರತಿ ಬುಟ್ಟಿಯನ್ನೂ ಪೂರ್ತಿ ಸುರಿದು ನೋಡುವಷ್ಟು ಹೊತ್ತು ಚಿಪ್ಪು ಕೊಳ್ಳಲು ಬರುವ ಲಾರಿ ಕಾಯದು. ಜಡ್ಜಮ್ಮ ಮೇಲಿನದೊಂದು ಹಿಡಿ, ನಡುವಿನದೊಂದು ಹಿಡಿ ತೆಗೆದು ಬಳೆಗೆ ಹಿಡಿಯುವಳು. ಅವಳದೇ ಬುಟ್ಟಿ ಮಾತ್ರ ನೇರ ಮೂಟೆಗೆ ಹೋಗುತ್ತಿತ್ತು. ಅದನ್ನು ನೋಡುತ್ತೇನೆ ಎನ್ನುವ ಧೈರ್ಯ ಆ ಕಟ್ಟೆಯಲ್ಲಿ ಯಾರಿಗಿತ್ತು?

ಅಷ್ಟರಲ್ಲಿ ಲಾರಿಯವನು ತಕ್ಕಡಿ ಬಿಟ್ಟು ಇಳಿದು ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಎಲ್ಲರ ಎದುರು ಕಲ್ಲಿನ ಮೇಲೆ ಬೋರಲು ಹಾಕಿದ. ಬಳೆ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ, ಎಲ್ಲವೂ ಮರಿಗಳು.

"ನಿನ್ನೆ ಮೂಟೆ ಬಿಚ್ಚಿದಾಗ ತಳದಲ್ಲಿ ಸಿಕ್ಕಿದ್ದು," ಅಂದ. "ನಾನೇನೂ ಬೇಜಾರು ಮಾಡ್ಕೊಂಡಿಲ್ಲಪ್ಪ. ಸಣ್ಣದಕ್ಕೂ ಗಿರಾಕಿ ಇದ್ದಾರೆ. ನಿಮ್ಮಲ್ಲೇ ಯಾರೋ ಬುದ್ಧಿವಂತರು ಶುರು ಮಾಡಿದ್ದಾರೆ, ಉಳಿದವರೂ ಮಾಡಿ. ಕುಂಟೆ ಬೇಕಾದ್ರೆ ನಾನೇ ತಂದುಕೊಡ್ತೀನಿ. ಈ ಬಳೆ ಗಿಳೆ ಎಲ್ಲ ಯಾಕೆ?"

"ನಿನ್ನ ಗಿರಾಕಿಗೆ ಹೇಳು," ಅಂದಳು ಅತ್ತೆ, "ಮರಿ ತಿನ್ನೋ ಚಪಲ ಇದ್ರೆ ಬಂದು ಕೆಸರಿಗೇ ನಾಲಿಗೆ ಹಾಕಲಿ ಅಂತ. ಕಟ್ಟೆ ನಮ್ಮದು. ಇಲ್ಲಿ ನಿಂತು ನಮಗೆ ಬುದ್ಧಿ ಹೇಳ್ಬೇಡ. ಹೋಗಿ ನಿನ್ನ ತಕ್ಕಡಿ ನೋಡ್ಕೋ."

ಅವನು ನಗುತ್ತಲೇ ಹೋದ. ಒಂದು ಮೂಟೆಗೆ ನಾಲ್ಕಾರು ಜನರ ಚಿಪ್ಪು ಬೀಳುವುದರಿಂದ ಯಾರದೆಂದು ಹೇಳುವ ಹಾಗಿರಲಿಲ್ಲ. ಆದರೆ ಕಣ್ಣುಗಳಿಗೆ ಪುರಾವೆ ಬೇಕೇ? ಎಲ್ಲರೂ ರೇಡಿಯೋ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಿ? ನಂದು ಸಿಕ್ಕೋದೆಲ್ಲ ಮೇಲೇ ಸಿಗುತ್ತೆ. ಬಚ್ಚಿಡೋಕೆ ನನಗೆ ಬರುತ್ತಾ?"

"ನಾಳೆ ನಿನ್ನ ಬುಟ್ಟಿ ತಳದ ತನಕ ಸುರಿಯೋಣ," ಅಂದಳು ಸಾಲಿನಲ್ಲಿದ್ದ ಎತ್ತರದ ಹೆಂಗಸು. "ಸಿಕ್ಕಿದ್ರೆ ಕಂಬಕ್ಕೆ."

ರೇಡಿಯೋ ಬುಟ್ಟಿ ಸುರಿದರೆ ಒಂದೆರಡು ಸಣ್ಣವು ಸಿಗದೆ ಇರುತ್ತವೆಯೇ? ಅದು ಎಲ್ಲರಿಗೂ ಗೊತ್ತು, ರೇಡಿಯೋಗೂ ಗೊತ್ತು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳು ಜಡ್ಜಮ್ಮನ ಮುಖ ನೋಡಿದಳು. ಯಾವ ಮಾತಿಗೂ ಉತ್ತರ ಬಾಕಿ ಇಟ್ಟುಕೊಳ್ಳದ ಅತ್ತೆ, ಬಳೆಯನ್ನು ನೀರಲ್ಲಿ ಅದ್ದಿ ಒರೆಸುತ್ತ, "ನಾಳೆ ನೋಡೋಣ," ಅಂದಳು ಅಷ್ಟೇ.

ಸೊಸೆಗೆ ಅದು ಸರಿ ಕಾಣಲಿಲ್ಲ.

ಅವಳು ಪೇಟೆಯ ಟೈಲರ್ ಮಗಳು. ಮದುವೆಯಾಗಿ ಬಂದಾಗ ಕೆಸರು ಕಂಡರೆ ಮೂಗು ಮುಚ್ಚುತ್ತಿದ್ದವಳು. ಕೆಸರಿನ ಆಳದಲ್ಲಿ ಮಲಗಿದ ಚಿಪ್ಪನ್ನು ಕಾಲಿನಿಂದ ಹುಡುಕುವುದನ್ನು ಕಲಿಯಲು ಅವಳಿಗೆ ಒಂದಿಡೀ ಹಂಗಾಮು ಬೇಕಾಯಿತು. ದೊಡ್ಡದು ಅಂಗಾಲಿನ ಹಳ್ಳಕ್ಕೆ ಬಂದು ಕೂರುತ್ತದೆ, ಮರಿ ಬೆರಳ ಸಂದಿಯಲ್ಲಿ ಜಾರುತ್ತದೆ. ಬರೀ ಕೆಸರಿದ್ದಲ್ಲಿ ಮರಿ ಉಸಿರುಕಟ್ಟಿ ಸಾಯುತ್ತದೆ, ಮರಳು ಬೆರೆತಲ್ಲಿ ಬದುಕುತ್ತದೆ. ಇದನ್ನೆಲ್ಲ ಅತ್ತೆ ಬೈದು ಬೈದೇ ಕಲಿಸಿದ್ದಳು. ಬೈಗುಳಕ್ಕೆ ಅಳುತ್ತಿದ್ದ ಹುಡುಗಿ ಯಾವಾಗ ತಿರುಗಿ ಬೈಯಲು ಶುರು ಮಾಡಿದಳೋ ಆವತ್ತು ಅತ್ತೆಗೆ ಒಳಗೊಳಗೇ ಖುಷಿಯಾಗಿತ್ತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹಿತ್ತಲ ಕಲ್ಲಿನ ಮೇಲೆ ಕೂತ ಅತ್ತೆಯ ಕಾಲಿಗೆ ಸೊಸೆ ಚೊಂಬಿನಿಂದ ನೀರು ಹೊಯ್ದಳು. ಕೆಸರು ಹರಿದುಹೋಯಿತು. ಅದರ ಹಿಂದೆ ಕೆಂಪಗೆ ಹರಿಯಿತು. ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ಒಡೆದ ಚಿಪ್ಪಿನ ಚೂರು ಉಗುರಿನಷ್ಟು ಉದ್ದಕ್ಕೆ ನೆಟ್ಟುಕೊಂಡಿದೆ. ಅತ್ತೆ ಮಾತ್ರ, ದೋಣಿಯ ಹಗ್ಗ ಸವೆದುಹೋಗಿದೆ, ನಿನ್ನ ಗಂಡನಿಗೆ ಹೇಳಿದರೆ ತಲೆಗೇ ಹಾಕಿಕೊಳ್ಳುವುದಿಲ್ಲ ಎಂದು ಹೇಳುತ್ತಿದ್ದಳು. ಸೊಸೆ ಚೂರನ್ನು ಹಿಡಿದು ಎಳೆದಳು. ಅದು ಬರಲಿಲ್ಲ. ಜಗ್ಗಿ ಎಳೆದಳು. ಬಂತು. ಅತ್ತೆ ಹಗ್ಗದ ವಿಷಯ ಹೇಳುತ್ತಲೇ ಇದ್ದಳು.

ಸೊಸೆ ಆ ಚೂರನ್ನು ಅವಳ ಕಣ್ಣೆದುರು ಹಿಡಿದಾಗ ಮಾತು ನಿಂತಿತು.

"ಯಾವಾಗಿಂದ?"

"ಏನು ಯಾವಾಗಿಂದ?"

"ಕಾಲಿಗೆ ಗೊತ್ತಾಗ್ದೆ ಇರೋದು."

"ಶುಗರ್ ಇದ್ದೋರಿಗೆ ಹಾಗೇ. ಎಲ್ಲರಿಗೂ ಆಗುತ್ತೆ."

ಒಳಗಿನಿಂದ ಬಂದ ಮಗ ಇಬ್ಬರ ಮುಖ ನೋಡಿದ. ಇಂಜಿನ್ ಕೆಟ್ಟರೆ ಅವನು ಹುಲಿ, ಇವರಿಬ್ಬರು ಕೆಟ್ಟರೆ ಇಲಿ. ಸ್ಪ್ಯಾನರ್ ಹುಡುಕುವ ನೆಪ ಮಾಡಿ ಬಂದ ಹಾಗೆಯೇ ಜಾಗ ಖಾಲಿ ಮಾಡಿದ.

ಸೊಸೆಗೆ ಒಂದೊಂದೇ ನೆನಪಾಯಿತು. ಬೇರುಗಳ ನಡುವೆ ಎಲ್ಲರಿಗಿಂತ ಮುಂದೆ ನುಗ್ಗುತ್ತಿದ್ದ ಅತ್ತೆ ಈಚೆಗೆ ದೋಣಿಯ ಆಸುಪಾಸಿನಲ್ಲೇ ಇರುತ್ತಾಳೆ. ಹೆಜ್ಜೆಹೆಜ್ಜೆಗೂ ಬಗ್ಗಿ ಎರಡೂ ಕೈಯಿಂದ ತಡಕುತ್ತಾಳೆ. ಎಲ್ಲರಿಗಿಂತ ಕೊನೆಗೆ ಕಟ್ಟೆ ಹತ್ತುತ್ತಾಳೆ. ಕಾಲು ಸತ್ತವಳಿಗೆ ಆ ಕೆಸರಿನಲ್ಲಿ ಹುಡುಕುವುದೆಂದರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಆದರೂ ಅವಳ ಬುಟ್ಟಿ ಯಾವತ್ತೂ ತುಂಬಿರುತ್ತದೆ.

"ಮೂಟೆ ತಳದ್ದು ನಿಮ್ಮದಾ?"

ಅತ್ತೆ ಹಳೆಯ ಸೀರೆಯ ಅಂಚೊಂದನ್ನು ಹರಿದಳು. ಬಟ್ಟೆಯ ಚೂರನ್ನು ಹಿಮ್ಮಡಿಗೆ ಸುತ್ತಿ ಗಂಟು ಹಾಕಿದಳು. ಬಿಗಿಯಾಯಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡಳು.

"ಅರ್ಧ ಬುಟ್ಟಿ ಹೊತ್ಕೊಂಡು ಆ ಕಟ್ಟೆ ಹತ್ತಿದೋಳಲ್ಲ ನಾನು," ಅಂದಳು ಕೊನೆಗೆ. "ಯಾವತ್ತೂ ಹತ್ತಿಲ್ಲ."

"ಅದಕ್ಕೆ ರೇಡಿಯೋ ಬುಟ್ಟಿ ಕಂಬಕ್ಕೆ ಹೋಗ್ಬೇಕಾ?"

"ಅವಳೇನು ಸಾಚಾ ಅಲ್ಲ."

"ನೀವು?"

"ನಾಲಿಗೆ ಉದ್ದ ಆಯ್ತು ನಿನಗೆ."

"ನೀವೇ ಬೆಳೆಸಿದ್ದು. ಡಾಕ್ಟರ್‌ಗೆ ತೋರಿಸಿದ್ರಾ?"

"ತೋರಿಸ್ದೆ. ಕೆಸರಿಗೆ ಇಳೀಬೇಡ ಅಂದ. ಇಳೀದೆ ಏನು ಮಾಡ್ಲಿ, ಅವನ ಬಾಗಿಲಲ್ಲಿ ಕೂತು ರೋಗಿಗಳನ್ನ ಎಣಿಸ್ಲಾ?"

"ನಾಳೆ ನೀವೇ ಎಲ್ಲರ ಮುಂದೆ ಹೇಳ್ಬಿಡಿ ಅತ್ತೆ."

ಅತ್ತೆ ತಲೆಯೆತ್ತಿ ನೋಡಿದಳು. ದನಿ ತಗ್ಗಿತು. "ನಾನು ಹೇಳಿದ ದಿನ ಆ ಲಾರಿಯವನು ಗೆದ್ದ ಹಾಗೆ. ಬಳೆ ಹಿಡಿದೋಳೇ ಕದ್ದಳು ಅಂದ್ಮೇಲೆ ಬಳೆ ಮಾತು ಯಾರು ಕೇಳ್ತಾರೆ? ನಾಳಿದ್ದು ಕುಂಟೆ ಇಳಿಯುತ್ತೆ. ನೀನು ಆ ಬೋಳು ಕೆಸರು ನೋಡಿಲ್ಲ. ನಾನು ನೋಡಿದ್ದೀನಿ."

ಅತ್ತೆ ಹೇಳುವುದು ಸುಳ್ಳಲ್ಲ. ಆದರೆ ರೇಡಿಯೋ ಮುಖ ಸೊಸೆಯ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನೋವು. ಈ ಮನೆಯಲ್ಲಿ ಯಾರನ್ನು ನೋಡಿ ತಾನು ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಕಲಿತಳೋ ಅವಳ ಎದುರೇ ಈಗ ನಿಲ್ಲಬೇಕಾಗಿತ್ತು.

"ನೀವು ಹೇಳ್ದಿದ್ರೆ ನಾನು ನಿಮ್ಮ ಬುಟ್ಟಿ ಸುರೀತೀನಿ."

"ಸುರಿ ನೋಡೋಣ. ನನ್ನ ಬುಟ್ಟಿ ಮುಟ್ಟೋ ಕೈ ಇನ್ನೂ ಹುಟ್ಟಿಲ್ಲ."

ಮರುದಿನ ನೀರು ಇಳಿದಾಗ ಇಬ್ಬರೂ ಒಂದೇ ದೋಣಿಯಲ್ಲಿ ಹೋದರು. ಸೊಸೆ ಬೇರುಗಳ ನಡುವೆ ಇಳಿದು ಹೆಕ್ಕುತ್ತ ಆಗಾಗ ತಿರುಗಿ ನೋಡಿದಳು. ಅತ್ತೆ ದೋಣಿಯ ಬಳಿ ಬಗ್ಗಿಕೊಂಡೇ ಇದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ಹಾಕುತ್ತಿದ್ದಳು. ಸೊಸೆ ನೋಡುತ್ತಿದ್ದಾಳೆಂದು ಗೊತ್ತಿದ್ದೇ ಹಾಕುತ್ತಿದ್ದಳು.

ಕಟ್ಟೆಯಲ್ಲಿ ಆ ದಿನ ನಗು ಇರಲಿಲ್ಲ. ರೇಡಿಯೋ ತನ್ನ ಬುಟ್ಟಿಯನ್ನು ತಾನೇ ಮುಂದಕ್ಕೆ ತಳ್ಳಿ, "ಸುರೀರಿ. ಸುರಿದು ನಿಮ್ಮ ಹೊಟ್ಟೆ ತಣ್ಣಗೆ ಮಾಡ್ಕೊಳ್ಳಿ," ಅಂದಳು. ಎತ್ತರದ ಹೆಂಗಸು ಬುಟ್ಟಿಯ ಅಂಚಿಗೆ ಕೈಹಾಕಿದಳು. ಲಾರಿಯವನು ತಕ್ಕಡಿಗೆ ಒರಗಿ, ಸಿನಿಮಾ ಶುರುವಾಗಲಿ ಎಂಬ ಮುಖ ಮಾಡಿಕೊಂಡು ನಿಂತಿದ್ದ.

"ನಿಲ್ಲಿ," ಅಂದಳು ಸೊಸೆ. "ಮೊದಲು ನಮ್ಮ ಮನೆ ಬುಟ್ಟಿ."

ಅವಳು ತನ್ನದನ್ನು ಸುರಿದಳು. ಯಾರೂ ಅದನ್ನು ಸರಿಯಾಗಿ ನೋಡಲೂ ಇಲ್ಲ. ಆಮೇಲೆ ಅತ್ತೆಯ ಬುಟ್ಟಿಗೆ ಕೈಹಾಕಿದಳು. ಅದರ ಇನ್ನೊಂದು ಅಂಚನ್ನು ಅತ್ತೆ ಹಿಡಿದಿದ್ದಳು. ಸೊಸೆ ಎಳೆದಳು, ಅತ್ತೆ ಬಿಡಲಿಲ್ಲ. ಇಬ್ಬರ ಬೆರಳ ಗೆಣ್ಣುಗಳೂ ಬೆಳ್ಳಗಾದವು. ಸೊಸೆಯ ಕಣ್ಣು ತುಂಬಿತ್ತು, ಆದರೆ ಅವಳು ನೋಟ ಕೆಳಗಿಳಿಸಲಿಲ್ಲ. ಅತ್ತೆ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಬಿಟ್ಟಳು.

ಬುಟ್ಟಿ ಬೋರಲು ಬಿತ್ತು. ಮೇಲಿದ್ದ ದೊಡ್ಡವು ಉರುಳಿ ದೂರ ಹೋದವು, ತಳದಲ್ಲಿದ್ದ ಮರಿಗಳು ಗುಪ್ಪೆಯಾಗಿ ಕೂತವು.

ಮೊದಲು ಸಾವರಿಸಿಕೊಂಡವಳು ಎತ್ತರದ ಹೆಂಗಸು. "ವಯಸ್ಸಾಯ್ತಲ್ಲ," ಅಂದಳು. "ಕಣ್ಣು ಮಂಜಾಗಿದೆ. ಪಾಪ, ಗೊತ್ತಾಗಿರಲ್ಲ." "ಹೌದು ಹೌದು, ದೊಡ್ಡಮ್ಮಂದು ಬಿಟ್ಟುಬಿಡೋಣ," ಅಂದಳು ಇನ್ನೊಬ್ಬಳು. "ಅವರಿಂದಲೇ ಅಲ್ವಾ ನಾವೆಲ್ಲ," ಅಂದಳು ಮತ್ತೊಬ್ಬಳು. ಒಂದು ಗಳಿಗೆಯ ಹಿಂದೆ ರೇಡಿಯೋ ಬುಟ್ಟಿಯನ್ನು ಕಂಬಕ್ಕೇರಿಸಲು ನಿಂತಿದ್ದ ಬಾಯಿಗಳಿಂದ ಈಗ ಬೆಣ್ಣೆ ಇಳಿಯುತ್ತಿತ್ತು.

"ಯಾರು ನೀವು ನನಗೆ ಮಾಫಿ ಮಾಡೋಕೆ?"

ಅತ್ತೆಯ ದನಿ ಜೋರಾಗೇನೂ ಇರಲಿಲ್ಲ.

"ನನ್ನ ಕಣ್ಣು ಚೆನ್ನಾಗಿದೆ.‌ ಸತ್ತಿರೋದು ಕಾಲು. ಕಾಲಿಗೆ ಸಿಗ್ಲಿಲ್ಲ ಅಂತ ಕೈಗೆ ಸಿಕ್ಕಿದ್ದು ತುಂಬ್ಕೊಂಡೆ. ಸಣ್ಣದು ಅಂತ ಗೊತ್ತಿದ್ದೇ ತಳಕ್ಕೆ ಹಾಕಿ ದೊಡ್ಡದು ಮೇಲೆ ಜೋಡಿಸ್ದೆ. ಮೊನ್ನೆನೂ ಹಾಕಿದ್ದೆ. ಇವತ್ತು ವಯಸ್ಸಾಯ್ತು ಅಂತ ನನಗೆ ಬಿಡ್ತೀರಿ. ನಾಳೆ ಬಸುರಿ ಅಂತ ಇವಳಿಗೆ ಬಿಡ್ತೀರಿ. ನಾಳಿದ್ದು ಮನೇಲಿ ಕಷ್ಟ ಅಂತ ಅವಳಿಗೆ. ಕೊನೆಗೆ ಕೆಸರಿಗೆ ಅಂತ ಏನು ಬಿಡ್ತೀರಿ?"

ಲಾರಿಯವನು ಚಪ್ಪಾಳೆ ತಟ್ಟಿದ. "ಚೆನ್ನಾಗಿದೆ ಅಮ್ಮ. ಜಡ್ಜೇ ಕಳ್ಳಿಯಾದ್ಮೇಲೆ ಕೋರ್ಟು ಯಾಕೆ? ಬಳೆ ಎಸೆದು ಎಲ್ಲ ತುಂಬ್ಸಿ, ಹೊರಡ್ತೀನಿ."

ಅತ್ತೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಳೆಯನ್ನು ರೇಡಿಯೋ ಮುಂದೆ ಹಿಡಿದಳು. "ತಗೋ."

"ನಾನಾ?"

"ಈ ಬಳೆಯಿಂದ ಎಲ್ಲರಿಗಿಂತ ಹೆಚ್ಚು ಬೈಸ್ಕೊಂಡೋಳು ನೀನೇ. ಇದರ ಅಳತೆ ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

"ನನ್ನ ಬುಟ್ಟೀಲೂ ಒಂದೆರಡು ಇರ್ಬಹುದು ದೊಡ್ಡಮ್ಮ," ಅಂದಳು ರೇಡಿಯೋ ಮೆಲ್ಲಗೆ.

"ಅದನ್ನೇ ಮೊದಲು ತೆಗಿ."

ರೇಡಿಯೋ ಕುಕ್ಕರಗಾಲಲ್ಲಿ ಕೂತು ತನ್ನ ಬುಟ್ಟಿ ಸುರಿದುಕೊಂಡಳು. ಮೂರು ಮರಿ ಬಳೆಯಿಂದ ಜಾರಿದವು. ಅಡ್ಡವೋ ನೆಟ್ಟಗೋ ಎಂದು ಈ ಸಲ ಅವಳು ವಾದ ಮಾಡಲಿಲ್ಲ. ಅವನ್ನು ಬದಿಗಿಟ್ಟು ಮುಖವೆತ್ತಿದಳು. "ಅಣ್ಣಾ, ನಿನ್ನ ಐಸ್ ಕರಗ್ತಿದ್ರೆ ನೀನು ಹೊರಡು. ಇವತ್ತು ಎಲ್ಲರ ಬುಟ್ಟಿನೂ ತಳದ ತನಕ ಸುರಿಯೋದೇ. ಇನ್ಮೇಲೆ ದಿನಾ ಸುರಿಯೋದೇ. ಕಾಯೋಕಾಗಲ್ಲ ಅಂದ್ರೆ ಬೇರೆ ಲಾರಿ ನೋಡ್ತೀವಿ." ಆಮೇಲೆ ಎತ್ತರದ ಹೆಂಗಸಿಗೆ ಹೇಳಿದಳು, "ನಿಂದು ತಾ."

ಎತ್ತರದವಳು ತಂದಿಟ್ಟಳು.

ಅತ್ತೆ ತನ್ನ ಖಾಲಿ ಬುಟ್ಟಿ ಎತ್ತಿಕೊಂಡು ಕಂಬದ ಬಳಿ ಹೋದಳು. ಎತ್ತರಕ್ಕೆ ಕೈ ಎಟುಕದೆ ಎರಡು ಸಲ ಜಾರಿತು. ಸಹಾಯಕ್ಕೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಮೂರನೆಯ ಸಲ ಗಂಟು ಬಿತ್ತು. ವಾಪಸ್ಸು ಬಂದು ಮರಿಗಳನ್ನೆಲ್ಲ ಒಂದೂ ಬಿಡದೆ ಮಡಿಲಿಗೆ ತುಂಬಿಕೊಂಡಳು.

"ನೀರು ಏರ್ತಿದೆ ದೊಡ್ಡಮ್ಮ. ನಾಳೆ ಬಿಟ್ರಾಯ್ತು," ಅಂದರು ಯಾರೋ.

"ನಾಳೆ ಹೊತ್ತಿಗೆ ಇವು ಸತ್ತಿರ್ತವೆ."

ಅವಳು ಕಟ್ಟೆಯಿಂದ ಇಳಿದು ನೀರಿಗೆ ಕಾಲಿಟ್ಟಳು. ಹಿಮ್ಮಡಿಯ ಬಟ್ಟೆ ಒಂದೇ ಹೆಜ್ಜೆಗೆ ಕೆಸರಾಯಿತು. ಸೊಸೆ ಹಿಂದೆಯೇ ಇಳಿದಳು.

"ನೀನ್ಯಾಕೆ? ಇದು ನನ್ನ ಕೈಯಾರೆ ಆಗ್ಬೇಕಾದ್ದು. ನೀನು ಒಂದು ಮುಟ್ಟಿದ್ರೂ ಲೆಕ್ಕಕ್ಕಿಲ್ಲ."

"ಮುಟ್ಟಲ್ಲ. ಹಿಂದೆ ಬರ್ಬಾರ್ದು ಅಂತ ನಿಮ್ಮ ಕಾನೂನಲ್ಲಿ ಎಲ್ಲೂ ಇಲ್ಲ."

ಅತ್ತೆ ಏನೋ ಬೈದಳು. ಸೊಸೆ ಕೇಳಿಸಿಕೊಳ್ಳದವಳ ಹಾಗೆ ನಡೆದಳು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಕಾಂಡ್ಲಾ ಬೇರುಗಳ ಕಮಾನುಗಳು ಒಂದೊಂದಾಗಿ ನೀರಿನೊಳಗೆ ಹೋಗುತ್ತಿದ್ದವು. ಮರಗಳ ಅಂಚಿಗೆ ಬಂದಾಗ ಅತ್ತೆ ನಿಂತಳು. ಎರಡೂ ಕೈಯಲ್ಲಿ ಮಡಿಲನ್ನು ಅವಚಿಕೊಂಡು, ಮುಂದಕ್ಕೂ ಹೋಗದೆ, ಬಗ್ಗದೆ, ನಿಂತೇ ಇದ್ದಳು. ಸೊಸೆ ಕಾದಳು. ನೀರು ಸೊಂಟಕ್ಕೆ ಏರುತ್ತಿತ್ತು.

ತಿರುಗದೆಯೇ ಅತ್ತೆ ಕೇಳಿದಳು, "ನಿನ್ನ ಕಾಲ ಕೆಳಗೆ ಏನಿದೆ?"

"ಕೆಸರು. ಬರೀ ಕೆಸರು."

ಅತ್ತೆ ಎಡಕ್ಕೆ ಸರಿದಳು. ಸೊಸೆಯೂ ಸರಿದು ಅವಳ ಪಕ್ಕಕ್ಕೆ ಬಂದಳು.

"ಈಗ?"

"ಇಲ್ಲೂ ಕೆಸರೇ."

ಇನ್ನಷ್ಟು ಸರಿದರು.

"ಈಗ?"

"ಮರಳು ತಾಗ್ತಿದೆ. ಸ್ವಲ್ಪ."

"ಎಷ್ಟು ಸ್ವಲ್ಪ? ಹೆಬ್ಬೆರಳು ಒತ್ತಿ ನೋಡು."

ಸೊಸೆ ಒತ್ತಿದಳು. "ಗರಗರ ಅನ್ನುತ್ತೆ."

"ಹಾಂ. ಅಲ್ಲೇ ನಿಂತಿರು."

ಅತ್ತೆ ಬಗ್ಗಿದಳು. ಗಲ್ಲ ನೀರಿಗೆ ತಾಗುವಷ್ಟು ಬಗ್ಗಿ, ಸೊಸೆಯ ಪಾದವನ್ನು ಕೈಯಿಂದ ತಡವಿ ನೋಡಿ, ಅದರ ಪಕ್ಕದಲ್ಲಿ ಒಂದು ಮರಿಯನ್ನು ಒತ್ತಿ ಹೂತಳು. ಮಡಿಲಿಗೆ ಕೈಹಾಕಿ ಇನ್ನೊಂದನ್ನು ತೆಗೆದಳು. ಕಟ್ಟೆಯ ಕಡೆ ಲಾರಿಯ ಹಾರ್ನು ಉದ್ದಕ್ಕೆ ಕೂಗಿತು, ನಿಂತು ಮತ್ತೆ ಕೂಗಿತು. ಸೊಸೆ ಕಾಲು ಕದಲಿಸಲಿಲ್ಲ.